ಹಾಡಿನ ತುದಿ ಹಿಡಿದವನು

ಯರಗಟ್ಟಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಾದಿ ಹೊಲಿಯುತ್ತಿದ್ದ ಖಾಸಿಮಸಾಬ ನದಾಫನಿಗೆ ಊರಲ್ಲಿ ಎರಡು ಹೆಸರು. ಗಿರಾಕಿಗಳು ಗಾದಿ ಖಾಸೀಮ ಎನ್ನುತ್ತಿದ್ದರು. ಬಯಲಾಟದ ಹುಚ್ಚಿದ್ದವರು ಹಿಮ್ಮೇಳದ ಖಾಸೀಮ ಎನ್ನುತ್ತಿದ್ದರು. ಮೊದಲನೆಯ ಹೆಸರಿಗೆ ಅವನು ಕುಳಿತಲ್ಲಿಂದಲೇ "ಏನ್ರಿ" ಎನ್ನುತ್ತಿದ್ದ; ಎರಡನೆಯದಕ್ಕೆ ಮೈಮೇಲಿನ ಹತ್ತಿಯನ್ನೂ ಕೊಡವದೆ ಎದ್ದು ಬರುತ್ತಿದ್ದ. ಇದನ್ನು ಕಂಡಿದ್ದ ಹೆಂಡತಿ ಮೌಲಾಬಿ, "ಗಾದಿ ಹೊಲಿಸಾಕ ಬಂದೋರೂ ಹಿಮ್ಮೇಳ ಅಂತ ಕರೀರಿ, ನಿಮ್ಮ ಕೆಲಸ ಲಗೂನ ಆಗತೈತಿ" ಎಂದು ಗಿರಾಕಿಗಳಿಗೆ ಉಪಾಯ ಹೇಳಿಕೊಡುತ್ತಿದ್ದಳು. ಆ ಮನೆಯಲ್ಲಿ ದಿನದ ವ್ಯವಹಾರವೆಲ್ಲ ಉರ್ದು. ಜಗಳ, ಹಾಡು, ಚೇಷ್ಟೆ ಮಾತ್ರ ಕನ್ನಡ.

ಹಿಮ್ಮೇಳವೆಂದರೆ ಬೆನ್ನ ಹಿಂದಿನ ಕೆಲಸ. ಮುಂದೆ ಕಿರೀಟ ಇಟ್ಟು, ಭುಜಕೀರ್ತಿ ಕಟ್ಟಿ, ಬಣ್ಣ ಬಳಿದುಕೊಂಡ ರಾಜ ಹಾಡುತ್ತಾನೆ. ಅವನ ಹಿಂದೆ ತಲೆಗೆ ರುಮಾಲು ಸುತ್ತಿ, ಒಂದು ಕೈ ಕಿವಿಗೆ ಹಚ್ಚಿ, ಇಬ್ಬರೋ ಮೂವರೋ ನಿಂತಿರುತ್ತಾರೆ. ರಾಜನ ಉಸಿರು ಮುಗಿಯುವ ಹೊತ್ತಿಗೆ, ಸಾಲು ನೆಲಕ್ಕೆ ಬೀಳುವ ಮುಂಚೆ, ಅದರ ಕೊನೆಯ ಮಾತನ್ನು ಹಿಡಿದು ಮೇಲೆತ್ತಿ ದೂರದ ತನಕ ಎಳೆಯುವುದು ಅವರ ಕೆಲಸ. ಅಷ್ಟರಲ್ಲಿ ರಾಜ ಉಸಿರು ತುಂಬಿಕೊಂಡು, ನಾಲ್ಕು ಹೆಜ್ಜೆ ಕುಣಿದು, ಮುಂದಿನ ಸಾಲಿಗೆ ಸಿದ್ಧನಾಗಬೇಕು. ಎತ್ತುವುದು ತುಸು ಬೇಗ ಆದರೆ ರಾಜನ ಬಾಯಿಗೆ ಅಡ್ಡ ಬಂದಂತೆ. ತುಸು ತಡವಾದರೆ ಹಾಡು ಕೆಟ್ಟಂತೆ. ಇಷ್ಟೆಲ್ಲ ಮಾಡಿದರೂ ಜನ ನೋಟು ಸಿಕ್ಕಿಸುವುದು ರಾಜನ ಎದೆಗೆ. ಹಿಂದೆ ನಿಂತವರ ಮುಖ ಯಾರಿಗೂ ನೆನಪಿರುವುದಿಲ್ಲ. ಜನರ ಕಣ್ಣು ಹೊಳೆಯುವುದನ್ನೇ ನೋಡುತ್ತದೆ, ಅದಕ್ಕೆ ಬೈದು ಫಲವಿಲ್ಲ.

ಖಾಸಿಮಸಾಬ ಬೆನ್ನಿಗೆ ನಿಂತದ್ದು ಹೂಲಿಯ ಲಗಮಪ್ಪನಿಗೆ. ಲಗಮಪ್ಪ ಒಕ್ಕಲುತನದವನು, ಮೂರು ಕೂರಿಗೆ ಎರೆ ಹೊಲ ಇದ್ದವನು, ಮಾತು ಕಡಿಮೆ. ಬಣ್ಣ ಹಚ್ಚಿದನೆಂದರೆ ಬೇರೆಯೇ ಮನುಷ್ಯ. ಖಾಸಿಮಸಾಬ ಮೀಸೆ ಚಿಗುರುವ ವಯಸ್ಸಿನಲ್ಲಿ ಅವನ ಮೇಳಕ್ಕೆ ಸೇರಿದ್ದ; ತಲೆಯಲ್ಲಿ ಮೊದಲ ಬಿಳಿಗೂದಲು ಕಾಣುವ ತನಕ ಅವನ ಬೆನ್ನು ನೋಡಿಕೊಂಡೇ ಹಾಡಿದ. ಬೈಲಹೊಂಗಲದ ಕಡೆ, ಕಿತ್ತೂರಿನ ಕಡೆ, ರಾಮದುರ್ಗದ ಮೇಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದದ್ದೇ ತಡ, ಕರೆ ಬರುತ್ತಿತ್ತು. ಲಗಮಪ್ಪನ ಬೆನ್ನಿನ ಎಡಪಕ್ಕೆ ಒಂದಿಷ್ಟು ಏಳುತ್ತದೆ, ಕುತ್ತಿಗೆಯ ಹಿಂದಿನ ನರ ಸಡಿಲಾಗುತ್ತದೆ, ಅಲ್ಲಿಗೆ ಉಸಿರು ಮುಗಿಯಿತು. ಖಾಸಿಮಸಾಬ ಅಲ್ಲಿ ಎತ್ತುತ್ತಿದ್ದ. ಯಾರೂ ಕಲಿಸಿದ್ದಲ್ಲ. ನೋಡಿ ನೋಡಿ ಬಂದದ್ದು.

ಅವರ ಆಟದಲ್ಲಿ ಜನ ಕಾಯುತ್ತಿದ್ದ ಹಾಡೊಂದಿತ್ತು. ರಾಣಿಯನ್ನು ಕಳೆದುಕೊಂಡ ರಾಜ ಅರಮನೆಗೆ ಮರಳಿ ಹಾಡುವುದು: "ಬಾರದಿದ್ದರ ಬಾರದಿರಲಿ, ಬಾಗಿಲಂತೂ ತೆರೆದೈತಿ." ಲಗಮಪ್ಪ ಅದನ್ನು ಮೆಲ್ಲಗೆ, ಎದುರಿಗೆ ಕುಳಿತವನ ಹತ್ತಿರ ಮಾತಾಡಿದ ಹಾಗೆ ಹಾಡುತ್ತಿದ್ದ. ಆಮೇಲೆ ಹಿಂದಿನಿಂದ ಖಾಸಿಮಸಾಬನ "ತೆರೆದೈತಿ..." ಎದ್ದಿತೆಂದರೆ ಬಯಲ ತುದಿಗೆ ಗಾಡಿಯ ಮೇಲೆ ಮಲಗಿದ್ದವರೂ ಎದ್ದು ಕೂಡುತ್ತಿದ್ದರು. ಇದನ್ನೆಲ್ಲ ಟೇಪು ಮಾಡಿ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇಡುವುದೇಕೆ, ಮುಂದಿನ ವಾರ ಹೇಗೂ ಮತ್ತೊಂದು ಊರಿನಲ್ಲಿ ಆಟ ಇದ್ದೇ ಇರುತ್ತಿತ್ತು.

ತೊಂಬತ್ತಾರನೆಯ ಇಸವಿಯ ಬೇಸಗೆಯಲ್ಲಿ ಸಾಲಹಳ್ಳಿಯಲ್ಲಿ ಆಟ. ಮೂಡಣ ದಿಕ್ಕು ಬೆಳ್ಳಗಾಗುತ್ತಿತ್ತು. ಆ ಹಾಡಿನ ಹೊತ್ತು. ಆಗ ಹಿಂದಿನಿಂದ ಯಾರೋ ಖಾಸಿಮಸಾಬನ ಅಂಗಿ ಜಗ್ಗಿದರು. ನೋಡಿದರೆ ಹೂಲಿಯ ಶಂಕ್ರೆಪ್ಪ, ಲಗಮಪ್ಪನ ಬಾಜು ಮನೆಯವನು. ಯಾರದೋ ಮೋಟಾರ್ ಸೈಕಲ್ ಗಾಡಿ ಕಡ ತಂದು ಹೊಡೆದುಕೊಂಡು ಬಂದಿದ್ದ. ಕಿವಿಯ ಹತ್ತಿರ ಬಾಯಿ ತಂದು, "ಚನ್ನಕ್ಕಗ ಎದಿ ಹಿಡದೈತಿ. ಸವದತ್ತಿ ದವಾಖಾನಿಗೆ ಒಯ್ದಾರ. ಲಗಮಣ್ಣನ್ನ ಕರಕೊಂಡ ಬಾ ಅಂದಾರ" ಎಂದ. ಚನ್ನವ್ವ ಲಗಮಪ್ಪನ ಹೆಂಡತಿ. ಮೇಳದವರು ಯಾವ ಹೊತ್ತಿಗೆ ಹೋದರೂ ರೊಟ್ಟಿ ಬಡಿದು ಹಾಕಿದವಳು.

ಬಯಲಾಟಕ್ಕೆ ಒಂದು ಕಟ್ಟುಪಾಡು ಇದೆ. ಗಣಪತಿ ಪೂಜೆ ಆಗಿ, ಬಣ್ಣದ ವೇಷ ಒಮ್ಮೆ ಹೊರಗೆ ಬಂದ ಮೇಲೆ ಮಂಗಳ ಹಾಡುವ ತನಕ ಆಟ ಮುರಿಯಬಾರದು. ಮುರಿದರೆ ಮೇಳಕ್ಕೂ ಕೇಡು, ಆಡಿಸಿದ ಊರಿಗೂ ಕೇಡು. ಮಳೆ ಬಂದರೂ ಒಂದು ಸಾಲು ಮಂಗಳ ಹಾಡಿಯೇ ಓಡುವವರು ಅವರು. ಹಿಮ್ಮೇಳದವನು ನಡುವೆ ಹೋಗಿ ಬೀಡಿ ಸೇದಿ ಬರಬಹುದು. ರಾಜನನ್ನು ನಡುವೆ ಕರೆಯುವಂತಿಲ್ಲ. ಖಾಸಿಮಸಾಬ ಇಪ್ಪತ್ತು ವರ್ಷ ಆ ಕಟ್ಟುಪಾಡಿನಲ್ಲಿ ಬೆಳೆದವನು. "ಇನ್ನೇನ ಮಂಗಳ ಆಗತೈತಿ. ಆದಕೂಡ್ಲೆ ಹೇಳೂಣು. ನೀ ಗಾಡಿ ತಿರುವಿ ನಿಲ್ಲಸು" ಎಂದ. ಶಂಕ್ರೆಪ್ಪನೂ ಅದೇ ನೆಲದ ಮನುಷ್ಯ. ಹೌದೆಂದು ತಲೆಯಾಡಿಸಿ ಗಾಡಿಯ ಹತ್ತಿರ ಹೋಗಿ ನಿಂತ. ಆಗಲೇ ಲಗಮಪ್ಪನ ಬೆನ್ನಿನ ಎಡಪಕ್ಕೆ ಎದ್ದಿತು. ಖಾಸಿಮಸಾಬ "ತೆರೆದೈತಿ" ಎಂದು ಎತ್ತಿದ.

ಆ ದಿನ ಹಾಡು ಮುಗಿಯಲೇ ಇಲ್ಲ. ಜನ ಒಂದೊಂದು ಸಾಲನ್ನೂ ಮತ್ತೆ ಮತ್ತೆ ಹಾಡಿಸಿದರು. ಮಂಗಳ ಆಗಿ, ಖಾಸಿಮಸಾಬ ಮುಂದೆ ಬಂದು ವಿಷಯ ಹೇಳಿದಾಗ ಹೊತ್ತು ಮೇಲೆ ಬಂದಿತ್ತು. ಲಗಮಪ್ಪ ಮುಖದ ಬಣ್ಣ ಸಹ ಒರೆಸದೆ ಗಾಡಿ ಹತ್ತಿದ. ಸವದತ್ತಿ ಮುಟ್ಟುವ ಹೊತ್ತಿಗೆ ಚನ್ನವ್ವನ ಮೈ ಇನ್ನೂ ಬೆಚ್ಚಗಿತ್ತಂತೆ, ಜೀವ ಇರಲಿಲ್ಲ. ಹತ್ತಿರ ಕುಳಿತಿದ್ದ ಹೆಂಗಸರನ್ನು ಅವಳು "ಆಟ ಮುಗೀತಾ?" ಎಂದು ಕೇಳುತ್ತಿದ್ದಳಂತೆ.

ಮಣ್ಣು ಮಾಡಿ ಬಂದ ಮೇಲೆ, ದಿನಕರ್ಮ ಎಲ್ಲ ಮುಗಿದ ಮೇಲೆ, ಲಗಮಪ್ಪ ಮೇಳದವರನ್ನು ಅಂಗಳದಲ್ಲಿ ಕೂಡಿಸಿ, "ನನ್ನ ಕಡಿಂದ ಇನ್ನ ಆಗೂದಿಲ್ಲಪಾ. ಬ್ಯಾರೆ ಯಾರನರ ನೋಡ್ಕೋರಿ" ಎಂದು ಹೇಳಿ ಕಿರೀಟದ ಪೆಟ್ಟಿಗೆಯನ್ನು ಅವರ ಮುಂದೆ ಇಟ್ಟ. ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ರಾಜನಿಲ್ಲದ ಮೇಳ ಒಂದೆರಡು ತಿಂಗಳು ಅಲ್ಲಿ ಇಲ್ಲಿ ಒದ್ದಾಡಿ ಮಲಗಿಬಿಟ್ಟಿತು. ಆ ದಿನ ಲಗಮಪ್ಪ ಖಾಸಿಮಸಾಬನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಶಂಕ್ರೆಪ್ಪ ಯಾವಾಗ ಬಂದಿದ್ದ ಎಂದು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳಿ, ಹೊಡೆದರೆ ಹೊಡೆಸಿಕೊಂಡು, ಅತ್ತು ಬರುತ್ತಿದ್ದ ಖಾಸಿಮಸಾಬ. ಕೇಳದೆ ಬಿಟ್ಟದ್ದೇ ಅವನಿಗೆ ದೊಡ್ಡ ಶಿಕ್ಷೆಯಾಯಿತು. ಲಗಮಪ್ಪ ಹಾಡು ಬಿಟ್ಟದ್ದು ತನ್ನಿಂದ, ತನ್ನ ದನಿ ಮತ್ತೆ ಬೆನ್ನಿಗೆ ಬರಬಾರದೆಂದೇ ಬಿಟ್ಟದ್ದು ಎಂದು ಅವನು ಮನಸ್ಸಿನಲ್ಲಿ ಬರೆದುಕೊಂಡುಬಿಟ್ಟ.

ಆದರೂ ದನಿಯನ್ನು ಸಾಯಗೊಡಬಾರದು ಎಂದು ಹಟ ಹಿಡಿದ. ಇವತ್ತಲ್ಲ ನಾಳೆ ಲಗಮಣ್ಣನ ಸಿಟ್ಟು ಇಳಿದೀತು, ಕರೆ ಬಂದೀತು, ಬಂದ ದಿನ ಗಂಟಲು ಕಟ್ಟಿರಬಾರದು. ಇದೊಂದೇ ಆಸೆ. ದಿನಾ ಮಧ್ಯಾಹ್ನ ಹತ್ತಿ ಹಿಂಜುವ ಕಮಾನು ಹಿಡಿದು ಕುಳಿತು, ಅದರ ನರ "ಟಂಯ್" ಎಂದಾಗ ಆ ಶ್ರುತಿಗೆ ದನಿ ಕೂಡಿಸುತ್ತಿದ್ದ. ಆಗ ಊರಲ್ಲಿ ಹಿಂಜುವ ಮಿಷಿನ್ನು ಬಂದಾಗಿತ್ತು. ಎಲ್ಲರೂ ಅರಳೆ ಅಲ್ಲಿಗೆ ಒಯ್ಯುತ್ತಿದ್ದರೆ ಇವನೊಬ್ಬ ಕಮಾನು ಬಿಡಲಿಲ್ಲ. ಮಿಷಿನ್ನಿಗೆ ಶ್ರುತಿ ಇಲ್ಲ ಎಂದರೆ ಗಿರಾಕಿಗಳು ಕಕ್ಕಾಬಿಕ್ಕಿಯಾಗುತ್ತಿದ್ದರು. ಗಾದಿಗೆ ಶ್ರುತಿ ಯಾಕೆ ಬೇಕು ಪಾಪ.

ದನಿ ಕೂಡಿಸಿದ್ದೇನೋ ಸರಿ, ಹಾಡುವುದು ಏನನ್ನು? ಇಪ್ಪತ್ತು ವರ್ಷ ಹಾಡಿದರೂ ಖಾಸಿಮಸಾಬನ ಬಾಯಲ್ಲಿ ಇದ್ದದ್ದು ಸಾಲುಗಳ ಕೊನೆಯ ತುಣುಕುಗಳು. ಮುಂಭಾಗವೆಲ್ಲ ಕಿವಿಯಲ್ಲಿತ್ತು, ಅದೂ ಲಗಮಪ್ಪನ ದನಿಯಲ್ಲಿ. ಹಾಗಾಗಿ ಮನೆಯಿಂದ ಹೊರಗೆ ಕೇಳುತ್ತಿದ್ದದ್ದು ಒಮ್ಮೆ "ತೆರೆದೈತಿ", ಒಮ್ಮೆ "ನಿಂತಾಳೊ", ಒಮ್ಮೆ "ಬಂದಾನೊ". ಎದುರು ಮನೆಯ ತಾಯವ್ವ ಬಾಗಿಲಿಗೆ ಬಂದು, "ಖಾಸೀಮಣ್ಣ, ಏನ ತೆರದೈತೆಪಾ, ಯಾರ ನಿಂತಾಳ? ಪೂರಾ ಹಾಡು, ಇಲ್ಲಾ ಸುಮ್ಮ ಕುಂಡ್ರು. ತುದಿ ಅಷ್ಟ ಕೇಳಿ ಕೇಳಿ ನನ್ನ ತಲಿ ತಿರಗಾಕ ಹತ್ತೈತಿ" ಎಂದಳು. ಓಣಿ ನಕ್ಕಿತು. ಖಾಸಿಮಸಾಬನೂ ನಕ್ಕ, ಆದರೆ ಆ ದಿನ ಮುಂದೆ ಹಾಡಲಿಲ್ಲ.

ಅದನ್ನು ನೋಡಲಾರದೆ ಮೌಲಾಬಿ ತಾನೇ ಲಗಮಪ್ಪನಾದಳು. ಮೇಳದವರು ಮನೆಯಲ್ಲಿ ತಾಲೀಮು ಮಾಡಿದಾಗೆಲ್ಲ ಒಲೆಯ ಮುಂದೆ ಕುಳಿತು ಕೇಳಿದವಳು ಅವಳು, ಸಾಲುಗಳೆಲ್ಲ ಬಾಯಿಗೆ ಬರುತ್ತಿದ್ದವು. ಅಕ್ಕಿ ಆರಿಸುತ್ತ ರಾಗವಿಲ್ಲದೆ, ಸಂತೆಯ ಸಾಮಾನು ಹೇಳಿದ ಹಾಗೆ, "ಬಾರದಿದ್ದರ ಬಾರದಿರಲಿ" ಎನ್ನುವಳು. ಕಲ್ಲೊಂದು ಸಿಕ್ಕರೆ ನಡುವೆ ನಿಲ್ಲಿಸಿ ಅದನ್ನು ಎಸೆಯುವಳು. ಆಮೇಲೆ "ಹಾಂ, ಬಾಗಿಲಂತೂ ತೆರೆದೈತಿ" ಎಂದು ಮುಗಿಸುವಳು. ಖಾಸಿಮಸಾಬ ಎಲ್ಲಿ ಎತ್ತಬೇಕೋ ತಿಳಿಯದೆ ಬಾಯಿ ತೆರೆದು ಕುಳಿತಿರುತ್ತಿದ್ದ. "ಉಸಿರು ಸರಿಯಾಗಿ ಬಿಡು" ಎಂದರೆ ಅವಳಿಗೆ ರೇಗುತ್ತಿತ್ತು. "ನಿಮ್ಮ ಲಗಮಣ್ಣನ ಉಸಿರು ನಾ ಎಲ್ಲಿಂದ ತರ್ಲಿ? ನನ್ನ ಉಸಿರು ನನಗ ಸಾಲೂದಿಲ್ಲ. ಎತ್ತಿದ್ರ ಎತ್ತ್ರಿ, ಇಲ್ಲಾಂದ್ರ ಈ ಅಕ್ಕಿ ಆರಸ್ರಿ" ಎನ್ನುವಳು. ಹಾಗೆಂದರೂ ಮರುದಿನ ಮಧ್ಯಾಹ್ನ ಮೊರ ಹಿಡಿದು ಅದೇ ಜಾಗದಲ್ಲಿ ಬಂದು ಕೂಡುತ್ತಿದ್ದಳು. ಗಂಡ ಒಳಗೊಳಗೇ ಸೊರಗುವುದನ್ನು ಅವಳು ಕಂಡಿದ್ದಳು, ಅದನ್ನು ಆಡಿ ತೋರಿಸುವ ಸ್ವಭಾವ ಅವಳದಲ್ಲ.

ಮೊಹರಂ ಹಾಡಿನ ಮೇಳದವರು ಕರೆದರು, ಹೋದ. ಅಮಾವಾಸ್ಯೆಯ ಭಜನೆಗೆ ಮಠದವರು ಕರೆದರು, ಅಲ್ಲಿಗೂ ಹೋದ. ಒಳ್ಳೆಯ ಜನ, ಒಳ್ಳೆಯ ಹಾಡು. ಆದರೆ ಅಲ್ಲಿ ಎಲ್ಲರೂ ಕೂಡಿ ಒಮ್ಮೆಲೇ ಹಾಡುತ್ತಾರೆ. ಒಬ್ಬನ ಉಸಿರು ಮುಗಿಯುವುದನ್ನು ಇನ್ನೊಬ್ಬ ಕಾಯುವುದಿಲ್ಲ. ಖಾಸಿಮಸಾಬನಿಗೆ ಹಾಡಿಗಿಂತ ಆ ಕಾಯುವುದೇ ಬೇಕಾಗಿತ್ತು. ಮೈಯೆಲ್ಲ ಕಿವಿಯಾಗಿ, ಇನ್ನೊಂದು ಮೈಯ ಹಿಂದೆ ನಿಂತು, ಈಗ, ಈಗ ಎಂದು ಕಾಯುವ ಆ ಗಳಿಗೆ. ಭಜನೆ ಮುಗಿಸಿ ಬರುವಾಗ ಜನ "ಭಾಳ ಚಲೋ ಆತ್ರಿ" ಎಂದರೆ ಅವನು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದುಬಿಡುತ್ತಿದ್ದ.

ಕಡೆಗೆ ರಾಮದುರ್ಗದ ಕಡೆಯ ಮೇಳವೊಂದರಿಂದ ಕರೆ ಬಂತು. ಅವರ ರಾಜ ನಿಜಗುಣಪ್ಪ, ವಯಸ್ಸಿನಲ್ಲಿ ಸಣ್ಣವನು, ಎದೆಗಾರಿಕೆಯ ಹಾಡುಗಾರ, ಉಸಿರು ಉದ್ದ. ಖಾಸಿಮಸಾಬ ಹೊಸ ರುಮಾಲು ಸುತ್ತಿಕೊಂಡು ಹೋದ. ತಾಲೀಮಿನ ದಿನ ನಿಜಗುಣಪ್ಪ ಮೊದಲ ಸಾಲು ಹಿಡಿದ. ಅವನು ಇನ್ನೂ ಅರ್ಧದಲ್ಲಿದ್ದಾಗಲೇ ಖಾಸಿಮಸಾಬ ಎತ್ತಿಬಿಟ್ಟ. ಲಗಮಪ್ಪನಾಗಿದ್ದರೆ ಉಸಿರು ಅಲ್ಲಿಗೆ ಮುಗಿಯುತ್ತಿತ್ತು. ಇನ್ನೊಮ್ಮೆ ಹಾಡಿದರು, ಮತ್ತೆ ಅಲ್ಲಿಯೇ ಎತ್ತಿದ. ಮೂರನೆಯ ಸಲ ಬಾಯಿ ಗಟ್ಟಿಯಾಗಿ ಮುಚ್ಚಿ ನಿಂತ, ಸಾಲು ಬಿದ್ದೇಹೋಯಿತು. ಕಣ್ಣಿಗೆ ಕಾಣುತ್ತಿದ್ದದ್ದು ನಿಜಗುಣಪ್ಪನ ಅಗಲ ಬೆನ್ನು. ಆದರೆ ದನಿ ಬೇರೊಂದು ಬೆನ್ನನ್ನು ನೋಡುತ್ತಿತ್ತು.

ನಿಜಗುಣಪ್ಪ ಸಭ್ಯ ಹುಡುಗ. ಚಹಾ ತರಿಸಿ, ಹತ್ತಿರ ಕುಳಿತು, "ಖಾಸಿಮಸಾಬರ, ನಿಮ್ಮ ದನಿ ಬಂಗಾರ ಐತ್ರಿ. ಖರೆ ಅದು ಇಲ್ಲಿಲ್ಲರಿ. ಇನ್ನೂ ಯಾರದೋ ಹಿಂದ ನಿಂತೈತಿ" ಎಂದ. ಖಾಸಿಮಸಾಬ "ಹೌದ್ರಿ" ಎಂದು ಚಹಾ ಕುಡಿದು ಎದ್ದ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಅವಮಾನವಾಯಿತೆಂದು ಅವನಿಗೆ ಅನಿಸಲೇ ಇಲ್ಲ. ಲಗಮಣ್ಣನ ನೆನಪು ಅಷ್ಟೊಂದು ಒತ್ತಿ ಬಂದಿತ್ತು.

ಬಂದವನೇ ಮೌಲಾಬಿಯ ಮುಂದೆ ನಡೆದದ್ದೆಲ್ಲ ಹೇಳಿದ. ಸಾಲಹಳ್ಳಿಯಲ್ಲಿ ಶಂಕ್ರೆಪ್ಪ ಅಂಗಿ ಜಗ್ಗಿದ್ದನ್ನೂ ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದ. ಎರಡು ವರ್ಷ ಒಳಗಿಟ್ಟುಕೊಂಡಿದ್ದ. ಅವಳು ಕೈಯಲ್ಲಿದ್ದ ಮೊರ ಬದಿಗಿಟ್ಟು, "ಚನ್ನಕ್ಕನ ರೊಟ್ಟಿ ನಾನೂ ತಿಂದೇನಿ" ಎಂದಳು. ಆಮೇಲೆ, "ಹೋಗ್ರಿ. ಹೋಗಿ ಕಾಲ ಹಿಡಕೋರಿ. ಮಾಫ್ ಮಾಡಿದ್ರ ಮಾಡ್ಲಿ, ಒದ್ರ ಒದೀಲಿ. ಹಿಂಗ ಕಮಾನಿನ ಮುಂದ ಕುಂತ ದಿನಾ ಸಾಯೂದು ಬ್ಯಾಡ" ಎಂದಳು.

ಹೂಲಿಯಲ್ಲಿ ಲಗಮಪ್ಪ ಹಳೆಯ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ. ಎತ್ತಿನ ಹಗ್ಗ ಹೊಸೆಯುತ್ತಿದ್ದ. ಗಡ್ಡ ಬಿಟ್ಟಿದ್ದ, ಬೆನ್ನು ಒಂದಿಷ್ಟು ಬಾಗಿತ್ತು. ಆ ಬಾಗಿದ ಬೆನ್ನನ್ನು ಹಿಂದಿನಿಂದ ಕಂಡು ಖಾಸಿಮಸಾಬ ನಾಲ್ಕು ಹೆಜ್ಜೆ ಹಿಂದೆಯೇ ನಿಂತ. ಲಗಮಪ್ಪನೇ ಸಪ್ಪಳ ಕೇಳಿ, "ಯಾರ? ಖಾಸೀಮಾ? ಬಾರೋ, ಕುಂಡ್ರು. ಮೌಲಾಬಿ ಹೆಂಗದಾಳ?" ಎಂದು ಜಾಗ ಮಾಡಿಕೊಟ್ಟ. ಮಳೆಯ ಮಾತು, ಜೋಳದ ಮಾತು ಆಯಿತು. ಎಷ್ಟೋ ಹೊತ್ತಿಗೆ ಖಾಸಿಮಸಾಬ ಕಟ್ಟೆಯಿಂದ ಇಳಿದು ಅವನ ಕಾಲ ಹತ್ತಿರ ಕುಳಿತ.

"ಅಣ್ಣಾ, ಶಂಕ್ರೆಪ್ಪ ಅವತ್ತ ಬಂದಿದ್ದು ಮಂಗಳ ಆದ ಮ್ಯಾಲಲ್ಲರಿ. ಅದರ ಮುಂಚೆನ ಬಂದಿದ್ದ. ನನ್ನ ಕಿವ್ಯಾಗ ಹೇಳಿದ್ದ. ನಾನ ತಡದೆ."

ಲಗಮಪ್ಪ ಹಗ್ಗದಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಿ" ಎಂದ.

"ಶಂಕ್ರೆಪ್ಪ ಹೇಳಿದ್ನೇನ್ರಿ?"

"ಅಂವಾ ಏನೂ ಹೇಳಿಲ್ಲ. ನೀನ ಹೇಳಿದಿ."

ಖಾಸಿಮಸಾಬನಿಗೆ ಅರ್ಥವಾಗಲಿಲ್ಲ. ಮೌಲಾಬಿಯ ಹೊರತು ತಾನು ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ.

"ತೆರೆದೈತಿ ಅಂತ ಎತ್ತಿದೆಲಾ" ಎಂದ ಲಗಮಪ್ಪ. "ದನಿ ನಡಗಿತು ನಿಂದು. ಅಷ್ಟ ವರ್ಷ ನನ್ನ ಹಿಂದ ಹಾಡಿದಿ, ಒಮ್ಮೆರ ನಡಗಿತ್ತೇನು? ಜ್ವರ ಬಂದಾಗ ನಡಗಲಿಲ್ಲ, ನಿಮ್ಮಪ್ಪ ಸತ್ತ ವರ್ಷ ನಡಗಲಿಲ್ಲ. ಆ ದಿನ ನಡಗಿತು. ನನ್ನ ಮನ್ಯಾಗ ಏನೋ ಆಗೈತಿ ಅಂತ ನನಗ ಅಲ್ಲೇ ತಿಳೀತು."

ಹಗ್ಗದ ಎಳೆ ಅವನ ಕೈಯಲ್ಲಿ ಬಿಚ್ಚಿಕೊಂಡಿತು. ಮತ್ತೆ ಹೊಸೆಯಲು ಹೋಗಿ ಬಿಟ್ಟ.

"ತಿರುಗಿ ನಿನ್ನ ಮಾರಿ ನೋಡಿದ್ರ ಸಾಕಿತ್ತು. ನೋಡಲಿಲ್ಲ. ಮಂದಿ ಎದುರಿಗೆ ಕಣ್ಣಾಗ ನೀರ ತಂದ ಕುಂತಿದ್ರು. ಹಾಡ ಅವತ್ತ ಹಂಗ ಕೈಗೆ ಹತ್ತಿತ್ತು, ಖಾಸೀಮ. ಅಂಥಾ ಹಾಡ ನನಗ ಎಂದೂ ಬಂದಿದ್ದಿಲ್ಲ. ಇದೊಂದ ನುಡಿ ಮುಗೀಲಿ ಅಂದೆ. ಆಮ್ಯಾಲ ಇನ್ನೊಂದ. ನೀ ರಿವಾಜಿಗೆ ಅಂಜಿ ಸುಮ್ಮನಾದಿ. ನಾ ಹಾಡಿನ ಆಸೆಗೆ ಸುಮ್ಮನಾದೆ. ಅಕಿ ಅಲ್ಲಿ ಆಟ ಮುಗೀತಾ ಅಂತ ಕೇಳಾಕ ಹತ್ತಿದ್ಳು."

ಖಾಸಿಮಸಾಬ ಅವನ ಪಾದದ ಮೇಲೆ ಕೈಯಿಟ್ಟವನು ಹಾಗೆಯೇ ಇದ್ದ. ಏನು ಹೇಳಬೇಕೆಂದು ಬಂದಿದ್ದನೋ ಅದೆಲ್ಲ ಅರ್ಥವಿಲ್ಲದ ಮಾತಾಗಿ ಹೋಗಿತ್ತು. ಆದರೂ ಆಸೆ ಸುಮ್ಮನಿರಲಿಲ್ಲ. "ಅಣ್ಣಾ, ಆದದ್ದು ಆತು. ಆಟ ಬ್ಯಾಡ, ಬಣ್ಣ ಬ್ಯಾಡ. ಮನ್ಯಾಗ ಕುಂತ ಒಂದ ನುಡಿ ಹಾಡ್ರಿ. ನಾ ದನಿ ಕಾಯ್ಕೊಂಡೇನ್ರಿ, ದಿನಾ ತಪ್ಪದ" ಎಂದ.

"ಕೇಳೀನಿ. ಯರಗಟ್ಟಿ ಸಂತಿಗೆ ಬಂದಾಗ ನಿನ್ನ ಓಣ್ಯಾಗ ನಿಂತ ಕೇಳೀನಿ" ಎಂದ ಲಗಮಪ್ಪ. "ಕೆಟ್ಟಿಲ್ಲ ನಿನ್ನ ದನಿ. ಆದ್ರ ನೀ ಹಿಂದ ನಿಂತ್ರ ನನಗ ಅವತ್ತಿನ ನಡುಗು ಕೇಳತೈತಿ. ನೀ ಹಿಂದಿಲ್ಲ ಅಂದ್ರ ಹಾಡೂದ ಬರೂದಿಲ್ಲ. ಏನ ಮಾಡ್ಲಿ, ನೀನ ಹೇಳು."

ಲಗಮಪ್ಪನ ಸೊಸೆ ಕರೆದಳು, ಉಂಡರು. ಲಗಮಪ್ಪ ಬಸ್ಸಿನ ತನಕ ಬಂದು, ಮೌಲಾಬಿಗೆಂದು ಹೊಲದ ಅವರೆಕಾಯಿ ಕಟ್ಟಿಕೊಟ್ಟು, ಬಸ್ಸು ತಿರುಗುವ ತನಕ ನಿಂತಿದ್ದ.

ಮನೆಗೆ ಬಂದಾಗ ಮೌಲಾಬಿ ಅವರೆಕಾಯಿಯ ಗಂಟು ನೋಡಿ ಮುಖ ಅರಳಿಸಿ, "ಮಾಫ್ ಮಾಡಿದ್ರಲಾ?" ಎಂದಳು. "ಮಾಡಾಕ ಏನೂ ಇದ್ದಿಲ್ಲ" ಎಂದ ಅವನು. ಸಿಟ್ಟು ಇದ್ದಿದ್ದರೆ ಎಂದಾದರೂ ಇಳಿಯುತ್ತಿತ್ತು, ಅದಕ್ಕಾಗಿ ಅವನು ಎಷ್ಟು ವರ್ಷ ಬೇಕಾದರೂ ದನಿ ಕಾಯ್ದುಕೊಂಡು ಕೂಡುತ್ತಿದ್ದ. ಇಲ್ಲದ ಸಿಟ್ಟು ಇಳಿಯುವುದನ್ನು ಕಾಯುವುದು ಹೇಗೆ? ಮರುದಿನ ಮಧ್ಯಾಹ್ನ ಎಂದಿನಂತೆ ಕಮಾನು ಮೀಟಿದ. ಮೌಲಾಬಿ ಮೊರ ತಂದು ಕುಳಿತು ಸಾಲು ಹೇಳಿದಳು. ಅವನ ದನಿ ಸ್ವಲ್ಪವೂ ನಡುಗದೆ, ಓಣಿಯ ತುದಿಯ ತನಕ ಸ್ವಚ್ಛವಾಗಿ ಎದ್ದಿತು. ತಾಯವ್ವ ಕೂಡ ಬಾಗಿಲಿಗೆ ಬಂದು ನಿಂತು ಕೇಳಿದಳು. ಆ ದನಿ ಹಾಗೆ ಕೇಳಿದ್ದೇ ತಡ, ಖಾಸಿಮಸಾಬ ಕಮಾನು ಕೆಳಗಿಟ್ಟು ಹತ್ತಿಯ ರಾಶಿಯಲ್ಲಿ ಮುಖ ಹುದುಗಿಸಿ ಅತ್ತ.